‘ಒಂದ್ ಸೂಜಿ ಹಾಕ್ಸಿದೀವಿ ಸಾರ್’

ಹೋದ ಭಾನುವಾರ ಮೈಸೂರು ಕುವೆಂಪುನಗರದ ನಮ್ಮ ಪಾರ್ಕಲ್ಲಿ, ನಾಯಿ ಸಾಕೋರ ಮುಂದೆ ಲಸಿಕೆ, ಹೊಟ್ಟೆಹುಳದ ಬಗ್ಗೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಒಂದಷ್ಟು ಜನ ಕೇಳಿದ್ರು, ಅದಕ್ಕೆ ನೆನಪಿದ್ದಷ್ಟು ಬರೀತಾ ಇದೀನಿ. ಮಾತಾಡ್ದಂಗೇ ಇರ್ಲಿ ಅಂತ ಹೆಚ್ಚು ತಿದ್ದೋಕೆ ಹೋಗಿಲ್ಲ, ಮಧ್ಯದಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಶುರು ಮಾಡೋಕ್ ಮುಂಚೆ ಒಂದು ವಿಷ್ಯ. ಗೇಟಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ವಿ, ನಾಲ್ಕು ತಿಂಗಳ ಒಳಗಿನ ಮರಿ ತರ್ಬೇಡಿ ಅಂತ. ಆದ್ರೂ ಅಲ್ಲಿ ಹಿಂದೆ ಕೂತಿರೋ ಹುಡುಗನ ಟವೆಲ್ ಒಳಗಿಂದ ಒಂದು ಕರೀ ಮೂಗು ಇಣುಕ್ತಾ ಇದೆ. ಪರ್ವಾಗಿಲ್ಲ ಕಣಪ್ಪ, ಎದ್ದು ಹೋಗ್ಬೇಡ, ಆದ್ರೆ ನೆಲಕ್ಕೆ ಬಿಡ್ಬೇಡ, ತೊಡೆ ಮೇಲೇ ಇರ್ಲಿ, ಯಾವ ನಾಯಿ ಮೂಸೋಕೆ ಬಂದ್ರೂ ಬಿಡ್ಬೇಡ. ಎಷ್ಟು ದಿನದ್ದು? 45 ದಿನ. ಲಸಿಕೆ ಆಗಿದ್ಯಾ? ‘ಒಂದ್ ಸೂಜಿ ಹಾಕ್ಸಿದೀವಿ ಸಾರ್, ಎಲ್ಲಾ ಆಗಿದೆ ಅಂದ್ರು ಮರಿ ಕೊಟ್ಟೋರು.’

ನೋಡಿ, ಇವತ್ತು ಏನು ಮಾತಾಡ್ಬೇಕು ಅಂತ ಚೀಟೀಲಿ ಬರ್ಕೊಂಡು ಬಂದಿದ್ದೆ, ಅದು ಜೇಬಲ್ಲೇ ಇರ್ಲಿ. ಈ ಮಾತಿಂದಾನೇ ಶುರು ಮಾಡ್ತೀನಿ. ಪಶುವೈದ್ಯನಾಗಿ ಸರ್ವೀಸಿನ ಅರ್ಧ ಕಾಲ ಮಂಡ್ಯ ಜಿಲ್ಲೇಲಿ ಹಸು, ಎಮ್ಮೆ, ಕುರಿ ನೋಡ್ಕೊಂಡು ಇದ್ದೋನು ನಾನು, ಮೈಸೂರಿಗೆ ಬಂದ್ಮೇಲೆ ನಾಯಿ ಹೆಚ್ಚಾದ್ವು. ಅಲ್ಲಿ ‘ಒಂದ್ ಸೂಜಿ ಹಾಕ್ಸಿವ್ನಿ ಸಾ, ಇನ್ನೇನಾದದು ಬುಡಿ’ ಅಂತಿದ್ರು, ಇಲ್ಲಿ ಇಂಗ್ಲಿಷ್ ಸೇರಿಸಿ ಅದನ್ನೇ ಅಂತಾರೆ. ಆ ಒಂದು ಸೂಜಿ ನಂಬ್ಕೊಂಡು ಸತ್ತ ಮರಿಗಳನ್ನ ಎಷ್ಟು ನೋಡಿದೀನೋ. ಸೂಜೀನೇ ಹಾಕ್ಸದೇ ಇರೋರು ಸ್ವಲ್ಪ ಹೆದರ್ಕೊಂಡಾದ್ರೂ ಇರ್ತಾರೆ, ಒಂದು ಹಾಕ್ಸಿದೋರು ಮಾರನೇ ದಿನಾನೇ ಮರೀನ ರಸ್ತೆಗೆ ಇಳಿಸ್ತಾರೆ.

ಪಾರ್ವೋ ಬಗ್ಗೆ ಮೊದ್ಲು ಹೇಳ್ತೀನಿ, ನಾಯಿ ಮರಿಗಳಿಗೆ ವಾಂತಿ, ರಕ್ತ ಭೇದಿ ತರೋ ವೈರಸ್ ಕಾಯಿಲೆ ಅದು. ಕೆಲವರು ಹೇಳ್ತಾರೆ, ನಮ್ಮ ತಾತ ಊರಲ್ಲಿ ನಾಯಿ ಸಾಕಿದ್ರು, ಯಾವ ಲಸಿಕೇನೂ ಇಲ್ಲ, ಮುದ್ದೆ ತಿಂದ್ಕೊಂಡು ಹನ್ನೆರಡು ವರ್ಷ ಬದುಕಿತ್ತು ಅಂತ. ನಿಜಾನೇ ಇರ್ಬೋದು, ಯಾಕಂದ್ರೆ ತಾತನ ಕಾಲ್ದಲ್ಲಿ ಈ ಕಾಯಿಲೇನೇ ಇರ್ಲಿಲ್ಲ! ನಾಯಿಗಳಲ್ಲಿ ಇದು ಕಾಣಿಸ್ಕೊಂಡಿದ್ದು 1978ರ ಸುಮಾರಿಗೆ. ಬೆಕ್ಕಿಗೆ ಬರೋ ಇಂಥದೇ ಒಂದು ವೈರಸ್ಸಿನ ಜಾತಿಯದು ಸ್ವಲ್ಪ ಬದಲಾಗಿ ನಾಯಿಗೆ ಹತ್ತಿ, ಎರಡು ವರ್ಷ ಆಗೋದ್ರೊಳಗೆ ಪ್ರಪಂಚ ಎಲ್ಲಾ ಸುತ್ತಿಬಿಡ್ತು. ತಾತನ ನಾಯಿ ಗಟ್ಟಿ ಇತ್ತು ಅನ್ನೋದು ಒಂದು, ಅದಕ್ಕೆ ಈ ಪರೀಕ್ಷೆ ಬಂದಿರ್ಲಿಲ್ಲ ಅನ್ನೋದು ಇನ್ನೊಂದು.

ಈ ವೈರಸ್ಸಿಗೆ ಬೇಕಾಗಿರೋದು ಬೇಗ ಬೇಗ ಬೆಳೆಯೋ ಜೀವಕೋಶ. ಅಂಥವು ಮರಿ ಮೈಯಲ್ಲಿ ಇರೋದು ಕರುಳಿನ ಒಳ ಪದರದಲ್ಲಿ, ಮೂಳೆ ಒಳಗಿನ ಮಜ್ಜೇಲಿ. ಎರಡೂ ಕಡೆ ಒಟ್ಟಿಗೆ ಬೀಳುತ್ತೆ. ಕರುಳಿನ ಒಳಗೋಡೆ ಸುಲಿದು ಹೋಗಿ ರಕ್ತ ಭೇದಿ ಶುರು ಆಗುತ್ತೆ, ಕರುಳಲ್ಲಿ ಇದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತೆ, ಅದನ್ನ ತಡೀಬೇಕಾಗಿದ್ದ ಬಿಳಿ ರಕ್ತಕಣ ಅದೇ ಹೊತ್ತಿಗೆ ಮಜ್ಜೇಲೇ ಸತ್ತಿರುತ್ತೆ. ವೈರಸ್ ಸೇರಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ಮರಿ ಊಟ ಬಿಟ್ಟು ಮಂಕಾಗುತ್ತೆ, ಆಮೇಲೆ ವಾಂತಿ, ಆಮೇಲೆ ಆ ಭೇದಿ. ಅದರ ವಾಸನೆ ಒಂದ್ಸಲ ಕುಡಿದೋರು ಜನ್ಮದಲ್ಲಿ ಮರೆಯಲ್ಲ. ಈ ವೈರಸ್ಸನ್ನೇ ಕೊಲ್ಲೋ ಅಂತ ಮಾಮೂಲಿ ಔಷಧಿ ಇಲ್ಲ, ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಸೋಂಕಿಗೆ ಆಂಟಿಬಯಾಟಿಕ್ ಕೊಟ್ಟು ಮೈಯಲ್ಲಿ ನೀರು ಆರದೇ ಇರೋ ಹಂಗೆ ಹಿಡ್ಕೊಂಡು, ಮರಿ ಮೈ ತಾನೇ ಗೆಲ್ಲೋವರೆಗೂ ಕಾಯ್ಬೇಕು ಅಷ್ಟೇ. ಬೇಗ ತಂದ್ರೆ ಬಹಳಷ್ಟು ಉಳೀತವೆ, ಮನೇಲೇ ಇಟ್ಕೊಂಡ್ರೆ ಬಹಳಷ್ಟು ಹೋಗ್ತವೆ. ದಯವಿಟ್ಟು ವಾಂತಿ ಮಾಡ್ತಾ ಇರೋ ಮರಿಗೆ ಬಾಯಿ ಬಿಡಿಸಿ ಮಜ್ಜಿಗೆ, ದಾಳಿಂಬೆ ಸಿಪ್ಪೆ ಕಷಾಯ ಅಂತ ಹುಯ್ಯೋಕೆ ಹೋಗ್ಬೇಡಿ, ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಕಾಯಿಲೆ ಆಗುತ್ತೆ.

ಈಗ ಒಂದು ಸೂಜಿ ಯಾಕೆ ಸಾಲಲ್ಲ ಅನ್ನೋದು. ಇದನ್ನ ನಮ್ಮ ಕಡೆಯೋರಿಗೆ ಹೇಳೋದು ಸುಲಭ, ಯಾಕಂದ್ರೆ ನಮಗೆಲ್ಲ ಬೆಳಗ್ಗೆ ಎದ್ರೆ ಪೇಪರಲ್ಲಿ ಕೆಆರ್‌ಎಸ್ ಲೆವೆಲ್ ನೋಡೋ ಚಟ. ಡ್ಯಾಮ್ ತುಂಬಿದ್ರೆ 124.80 ಅಡಿ, ಬೇಸಿಗೆಗೆ ಇಳೀತಾ ಹೋಗುತ್ತೆ. ಹಂಗೇ ಮರಿ ಹುಟ್ಟಿದ ಮೊದಲ ದಿನ ತಾಯಿ ಗಿಣ್ಣುಹಾಲು ಕುಡೀತು ಅಂದ್ರೆ ತಾಯಿಯ ರಕ್ಷಣೆ ಎಲ್ಲಾ ಅದರ ಮೈಗೆ ಬರುತ್ತೆ, ಡ್ಯಾಮ್ ತುಂಬ್ದಂಗೆ. ಅಲ್ಲಿಂದ ಇಳಿಯೋಕೆ ಶುರು, ಸುಮಾರು ಹತ್ತತ್ತು ದಿನಕ್ಕೆ ಅರ್ಧರ್ಧ ಆಗ್ತಾ ಹೋಗುತ್ತೆ. ಲೆವೆಲ್ ಮೇಲಿದ್ದಾಗ ನಾವು ಲಸಿಕೆ ಹಾಕಿದ್ರೆ ತಾಯಿಯ ರಕ್ಷಣೇನೇ ಆ ಲಸಿಕೇನ ಹೊಡೆದು ಹಾಕುತ್ತೆ, ದುಡ್ಡು ಕೊಟ್ಟಿದ್ದೂ ದಂಡ, ಮರಿ ಮೈ ಏನೂ ಕಲಿಯಲ್ಲ. ಲೆವೆಲ್ ತೀರಾ ಇಳಿದ್ಮೇಲೆ ಹಾಕೋಣ ಅಂದ್ರೆ ಅಷ್ಟರೊಳಗೆ ಕಾಯಿಲೆ ಬಂದು ಕೂತಿರುತ್ತೆ. ಎಡವಟ್ಟು ಏನಂದ್ರೆ ಮಧ್ಯದಲ್ಲಿ ಒಂದಷ್ಟು ದಿನ ಇರುತ್ತೆ ನೋಡಿ, ತಾಯಿಯ ರಕ್ಷಣೆ ಲಸಿಕೇನ ಸೋಲಿಸೋಷ್ಟು ಇರುತ್ತೆ, ಬೀದಿ ವೈರಸ್ಸನ್ನ ತಡಿಯೋಷ್ಟು ಇರಲ್ಲ. ಆ ದಿನಗಳು ಯಾವ ಮರಿಗೆ ಯಾವಾಗ ಅಂತ ಯಾರಿಗೂ ಗೊತ್ತಾಗಲ್ಲ, ಒಂದೇ ಸೂಲಿನ ಆರು ಮರೀಲಿ ಆರಕ್ಕೂ ಬೇರೆ ಬೇರೆ, ಹೆಚ್ಚು ಹಾಲು ಕುಡಿದ ದಪ್ಪ ಮರಿಗೆ ತಡವಾಗಿ ಬರ್ಬೋದು. ಡ್ಯಾಮಿಗೆ ಅಳತೆ ಪಟ್ಟಿ ಇದೆ, ಮರಿಗೆ ಇಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ 3-4 ವಾರಕ್ಕೊಂದು ಸಲ ಹಾಕ್ತಾ ಹೋಗೋದು, 16 ವಾರ ತುಂಬಿದ ಮೇಲೆ ಒಂದು ಬೀಳಲೇಬೇಕು. ಆ ಕೊನೇದೇ ಮುಖ್ಯ, ಹೆಚ್ಚು ಜನ ಬಿಡೋದೂ ಅದನ್ನೇ! ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಇನ್ನೊಂದು, ಅಲ್ಲಿಂದ ಮುಂದಿನ ಲೆಕ್ಕ ನಿಮ್ಮ ಡಾಕ್ಟ್ರು ಹೇಳ್ತಾರೆ.

ಇನ್ನೊಂದು, ಲಸಿಕೆ 2ರಿಂದ 8 ಡಿಗ್ರಿ ತಣ್ಣಗೆ ಇರ್ಬೇಕು. ಒಬ್ರು ಮಂಡ್ಯದ ಯಾವ್ದೋ ಅಂಗಡೀಲಿ ತಗೊಂಡು ಷರ್ಟ್ ಜೇಬಲ್ಲಿ ಹಾಕ್ಕೊಂಡು, ಏಪ್ರಿಲ್ ಬಿಸಿಲಲ್ಲಿ ಬಸ್ಸಲ್ಲಿ ನಿಂತ್ಕೊಂಡು ಬಂದು ‘ಚುಚ್ಚಿ ಸಾ’ ಅಂದ್ರು. ನಾನು ಚುಚ್ಚಲ್ಲ ಅಂದಿದ್ದಕ್ಕೆ ಇವತ್ತಿಗೂ ಎದುರಿಗೆ ಸಿಕ್ರೆ ಮುಖ ತಿರುಗಿಸ್ತಾರೆ.

ಈಗ ನನ್ನದೇ ಒಂದು ಕತೆ. ಮದ್ದೂರು ಕಡೆ ಇದ್ದಾಗ ಮನೇಗೆ ಒಂದು ಮರಿ ತಂದಿದ್ದೆ, ಮಗಳು ಹಟ ಮಾಡಿದ್ಲು ಅಂತ. ಕಾಂಪೌಂಡ್ ದಾಟಿಸಿರ್ಲಿಲ್ಲ, ಬೇರೆ ನಾಯಿ ಮುಖ ನೋಡಿರ್ಲಿಲ್ಲ ಅದು. ಒಂದು ಸೂಜಿ ನಾನೇ ಹಾಕಿದ್ದೆ. 9 ವಾರದ್ದಿದ್ದಾಗ ಪಾರ್ವೋ ಬಂತು, ನಾಲ್ಕನೇ ದಿನ ಹೋಯ್ತು. ನನ್ನ ಹೆಂಡತಿ ಕೇಳಿದ್ಲು, ಮನೆ ಬಿಟ್ಟು ಹೋಗ್ದೇ ಇರೋದಕ್ಕೆ ಹೆಂಗ್ ಬಂತು ಅಂತ. ಬಾಗ್ಲ ಹತ್ರ ಬಿಟ್ಟಿರೋ ನನ್ನ ಚಪ್ಪಲಿ ನೋಡಿದೆ, ಮಾತಾಡ್ಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೂ ಭೇದಿ ಮರಿಗಳನ್ನ ನೋಡಿ ಅದೇ ಚಪ್ಪಲೀಲಿ ಮನೆ ಒಳಗೆ ಬರ್ತಾ ಇದ್ದೆ, ಮರಿ ಓಡ್ಬಂದು ಆ ಚಪ್ಪಲೀನೇ ಕಚ್ಚೋದು. ಮಗಳಿಗೆ ಇದನ್ನ ಹೇಳಿದ್ದು ಅವಳ ಮದುವೆ ಆದ್ಮೇಲೆ.

ಆದ್ರಿಂದ ‘ನಮ್ಮ ನಾಯಿ ಹೊರಗೇ ಹೋಗಲ್ಲ’ ಅನ್ನೋ ಮಾತು ಬಿಡಿ. ನೀವು ಹೋಗ್ತೀರಲ್ಲ.

ಇಲ್ಲಿ ಒಬ್ರು ಅಮ್ಮ ಕೇಳಿದ್ರು, ದಿನಾ ಫಿನಾಯಿಲ್ ಹಾಕಿ ಒರೆಸ್ತೀನಿ ಸಾಲದಾ ಅಂತ. ಒಳ್ಳೇ ಪ್ರಶ್ನೆ. ಕೆಲವು ವೈರಸ್ಸಿಗೆ ಮೈ ಮೇಲೆ ಕೊಬ್ಬಿನ ಒಂದು ಅಂಗಿ ಇರುತ್ತೆ, ರೇಬೀಸಿಗೆ ಇದೆ, ಡಿಸ್ಟೆಂಪರ್ ಅಂತ ನಾಯಿಗೆ ಬರೋ ಇನ್ನೊಂದು ಕಾಯಿಲೆ ವೈರಸ್ಸಿಗೂ ಇದೆ. ಜಿಡ್ಡು ಪಾತ್ರೆಗೆ ಸೋಪು ಹಾಕ್ದಂಗೆ, ಸೋಪು ತಾಗಿದ್ರೆ ಆ ಅಂಗಿ ಕರಗುತ್ತೆ, ವೈರಸ್ ಸಾಯುತ್ತೆ. ಪಾರ್ವೋ ಅಂಗಿ ಹಾಕ್ಕೊಂಡೇ ಇಲ್ಲ, ಬಿಚ್ಚೋಕೆ ಏನಿದೆ? ಫಿನಾಯಿಲ್, ಸೋಪು, ಕೈಗೆ ಹಚ್ಕೊಳ್ಳೋ ಸ್ಯಾನಿಟೈಸರ್, ಇವನ್ನ ನಂಬ್ಕೊಂಡು ಪಾರ್ವೋ ಎದುರಿಸೋಕಾಗಲ್ಲ. ಮಣ್ಣಲ್ಲಿ, ನೆರಳಲ್ಲಿ ತಿಂಗಳುಗಟ್ಲೆ, ವರ್ಷದವರೆಗೂ ಕೂತಿರುತ್ತೆ. ಅದಕ್ಕೆ ಬ್ಲೀಚೇ ಬೇಕು. ಬಟ್ಟೆಗೆ ಹಾಕೋ ಬ್ಲೀಚ್ ದ್ರವ ಒಂದು ಪಾಲು, ನೀರು 30 ಪಾಲು. ಮೊದ್ಲು ಗಲೀಜು ತೆಗೆದು, ಸೋಪಲ್ಲಿ ತೊಳೆದು, ಆಮೇಲೆ ಇದನ್ನ ಹುಯ್ದು 10 ನಿಮಿಷ ಹಂಗೇ ಬಿಡಿ. ಗಲೀಜಿನ ಮೇಲೇ ಹುಯ್ದ್ರೆ ಬ್ಲೀಚ್ ಅಲ್ಲೇ ಖರ್ಚಾಗುತ್ತೆ. ಬಾತ್‌ರೂಮ್ ತೊಳೆಯೋ ಆಸಿಡ್ ಜೊತೆ ಮಾತ್ರ ಬೆರೆಸ್ಬೇಡಿ, ವಿಷದ ಗಾಳಿ ಬರುತ್ತೆ. ಪಾರ್ವೋದಲ್ಲಿ ಮರಿ ಹೋದ ಮನೇಗೆ ಮುಂದಿನ ತಿಂಗಳೇ ಇನ್ನೊಂದು ಎಳೇ ಮರಿ ತರ್ಬೇಡಿ, ತರ್ಲೇಬೇಕು ಅಂದ್ರೆ ಲಸಿಕೆ ಎಲ್ಲಾ ಮುಗಿದಿರೋ ದೊಡ್ಡ ನಾಯಿ ತನ್ನಿ. ಬೀದಿ ನಾಯಿ ಆದ್ರೂ ಸರಿ, ನಾನಂತೂ ಅದನ್ನೇ ಮೆಚ್ತೀನಿ.

ಡಿಸ್ಟೆಂಪರ್. ನಮ್ಮ ದಡಾರದ ದಾಯಾದಿ ಇದು, ಗಾಳೀಲಿ, ಕೆಮ್ಮಲ್ಲಿ, ಸೀನಲ್ಲಿ ಹರಡುತ್ತೆ. ಜ್ವರ, ಕಣ್ಣಲ್ಲಿ ಮೂಗಲ್ಲಿ ಹಳದಿ ಗೊಣ್ಣೆ, ಕೆಮ್ಮು, ಭೇದಿ, ಕೆಲವಕ್ಕೆ ಪಾದ ದಪ್ಪಗೆ ಒರಟಾಗುತ್ತೆ. ವಾಸಿ ಆಯ್ತು ಅಂತ ನೆಮ್ಮದಿ ಆಗೋ ಹೊತ್ತಿಗೆ ಮಿದುಳಿಗೆ ಹೋಗಿರುತ್ತೆ, ಗಮ್ ಅಗೀತಾ ಇರೋ ಹಂಗೆ ದವಡೆ ಅಲ್ಲಾಡುತ್ತೆ, ಒಂದು ಕಾಲು ತಾಳ ಹಾಕ್ದಂಗೆ ಅದುರ್ತಾ ಇರುತ್ತೆ, ಫಿಟ್ಸ್ ಬರುತ್ತೆ. ಅಲ್ಲಿಗೆ ಬಂದ್ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ಮನೆ ನಾಯಿ ಕಾಯಿಲೆ ಮನೇಲೇ ಮುಗಿಯಲ್ಲ ಅನ್ನೋದಕ್ಕೂ ಇದೇ ಉದಾಹರಣೆ. 2018ರಲ್ಲಿ ಗುಜರಾತಿನ ಗಿರ್ ಕಾಡಲ್ಲಿ ಕೆಲವೇ ವಾರದಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತವು, ಪರೀಕ್ಷೆ ಮಾಡಿದಾಗ ಕೆಲವುದರಲ್ಲಿ ಇದೇ ವೈರಸ್ ಸಿಕ್ತು. ನಮ್ಮ ಎಚ್.ಡಿ. ಕೋಟೆ ಕಡೆ ಊರು ಎಲ್ಲಿ ಮುಗಿಯುತ್ತೆ ನಾಗರಹೊಳೆ ಎಲ್ಲಿ ಶುರುವಾಗುತ್ತೆ ಅಂತ ನಾಯಿಗಳಿಗೆ ಗೊತ್ತಾ? ಆ ಕಡೆ ತೋಟ ಇರೋರು ಕಾವಲು ನಾಯಿಗೂ ಲಸಿಕೆ ಹಾಕ್ಸಿ.

ರೇಬೀಸ್ ಬಗ್ಗೆ ಎರಡೇ ಮಾತು. 3 ತಿಂಗಳಿಗೆ ಒಂದು, ವರ್ಷಕ್ಕೆ ಇನ್ನೊಂದು, ಆಮೇಲೆ ತಪ್ಪಿಸದೇ ಬೂಸ್ಟರ್. ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕ್ತಾರೆ, ವಿಚಾರಿಸಿ. ಯಾವ ನಾಯಿ ಕಚ್ಚಿದ್ರೂ, ನಿಮ್ಮನೇದೇ ಆದ್ರೂ, ಅರಿಶಿನ, ಸುಣ್ಣ, ಖಾರದ ಪುಡಿ ಅಂತ ಮೆತ್ತೋಕೆ ಹೋಗ್ಬೇಡಿ, ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೀರಿ, ಆ ಕೊಬ್ಬಿನ ಅಂಗಿ ನೆನಪಿದ್ಯಲ್ಲ, ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಲಕ್ಷಣ ಬಂದ್ಮೇಲೆ ಮನುಷ್ಯ ಉಳಿಯೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ.

ಮಂಡ್ಯ ಕಡೆಯೋರು ಇಲ್ಲಿ ಇದೀರ ಅಂತ ಇದೊಂದು ಸೇರಿಸ್ತೀನಿ, ಇಲಿ ಜ್ವರ. ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಇಲಿ ಉಚ್ಚೆಯಿಂದ ಗದ್ದೆ ನೀರಿಗೆ ಸೇರುತ್ತೆ, ನಾಲೆ ಬದಿ ನೀರು ಕುಡಿಯೋ ನಾಯಿಗೆ ಬರುತ್ತೆ, ನಾಯಿ ಉಚ್ಚೆಯಿಂದ ನಮಗೂ ಬರ್ಬೋದು. ಇದರ ಲಸಿಕೆ ಪ್ರತಿ ವರ್ಷ ಬೇಕು. ಮುಂದಕ್ಕೆ ಹೋಗೋಣ.

ಹುಳದ ವಿಷ್ಯ. ಸಾಮಾನ್ಯವಾಗಿ ಜನ ಹೇಳೋದು, ‘ಲ್ಯಾಟ್ರಿನ್ನಲ್ಲಿ ಹುಳ ಕಾಣ್ಲಿಲ್ಲ ಸಾರ್, ಅದಕ್ಕೆ ಮಾತ್ರೆ ಕೊಟ್ಟಿಲ್ಲ.’ ಕಣ್ಣಿಗೆ ಕಾಣೋದು ಮೊಟ್ಟೆ ಅಲ್ಲ, ಹುಳ. ಹುಳ ಒಳಗೆ ಸುಖವಾಗಿ ಕೂತ್ಕೊಂಡು ಮೊಟ್ಟೆ ಮಾತ್ರ ಹೊರಗೆ ಕಳಿಸ್ತಾ ಇರುತ್ತೆ, ಅದು ಮೈಕ್ರೋಸ್ಕೋಪಲ್ಲೇ ಕಾಣೋದು. ಬಟಾಣಿ ಗಾತ್ರದಷ್ಟು ಹೊಸ ಲದ್ದಿ ಡಬ್ಬೀಲಿ ತಗೊಂಡು ಹೋದ್ರೆ ಡಾಕ್ಟ್ರು ಗಟ್ಟಿ ಉಪ್ಪಿನ ನೀರಲ್ಲಿ ಕದಡಿ, ತೇಲಿ ಬಂದ ಮೊಟ್ಟೆ ನೋಡಿ ಯಾವ ಹುಳ ಅಂತ ಹೇಳ್ತಾರೆ. ಇದನ್ನ ಮಾಡಿಸೋರು ನೂರಕ್ಕೆ ಒಬ್ರೂ ಸಿಗಲ್ಲ ನನಗೆ.

ದುಂಡು ಹುಳ ಅಂತ ಒಂದಿದೆ, ಶಾವಿಗೆ ಥರ ಬಿಳೀದು. ಇದರ ಚಾಲಾಕಿತನ ನೋಡಿ, ತಾಯಿ ನಾಯಿಯ ಮಾಂಸಖಂಡದಲ್ಲಿ ಮರಿಹುಳ ನಿದ್ದೆ ಮಾಡ್ತಾ ಇರುತ್ತೆ, ಮಾತ್ರೆಗೆ ಸಿಗಲ್ಲ. ತಾಯಿ ಗಬ್ಬ ಆದಾಗ ಎದ್ದು ಹೊಟ್ಟೆ ಒಳಗಿನ ಮರಿಗೆ ದಾಟುತ್ತೆ. ಅಂದ್ರೆ ಮರಿ ಹುಟ್ಟುವಾಗ್ಲೇ ಹುಳ ಹೊತ್ಕೊಂಡೇ ಹುಟ್ಟುತ್ತೆ, ತಾಯಿ ಎಷ್ಟು ಚೆನ್ನಾಗಿ ಸಾಕಿದ ನಾಯಿ ಆದ್ರೂ. ಮೂರು ವಾರಕ್ಕೆಲ್ಲಾ ಅದು ದೊಡ್ಡ ಹುಳ ಆಗಿ ಮೊಟ್ಟೆ ಹಾಕೋಕೆ ಶುರು ಮಾಡ್ಬೋದು, ಒಂದು ಹೆಣ್ಣು ಹುಳ ದಿನಕ್ಕೆ ಲಕ್ಷದ ಹತ್ರ. ಅದಕ್ಕೇ ಮೊದಲ ಡೋಸ್ 2 ವಾರಕ್ಕೇ ಕೊಡೋದು, ಆಮೇಲೆ 8 ವಾರದವರೆಗೂ ಎರಡು ವಾರಕ್ಕೊಂದ್ಸಲ, 6 ತಿಂಗಳವರೆಗೂ ತಿಂಗಳಿಗೊಂದ್ಸಲ, ಆಮೇಲೆ 3 ತಿಂಗಳಿಗೊಂದು. ಹಾಲು ಕೊಡೋ ತಾಯಿಗೂ ಜೊತೇಲೇ ಕೊಡಿ.

ಕೊಕ್ಕೆ ಹುಳ ಅದಕ್ಕಿಂತ ಕ್ರೂರಿ. ತಾಯಿ ಹಾಲಲ್ಲಿ ಬರುತ್ತೆ, ಒದ್ದೆ ಮಣ್ಣಿಂದ ಪಾದದ ಚರ್ಮ ತೂರ್ಕೊಂಡೂ ಬರುತ್ತೆ, ಕರುಳು ಕಚ್ಕೊಂಡು ರಕ್ತ ಕುಡಿಯುತ್ತೆ. ಒಂದು ಕೆಜಿ ಮರಿ ಮೈಯಲ್ಲಿ ಇರೋ ರಕ್ತ ಎಷ್ಟು ಅಂದ್ಕೊಂಡ್ರಿ, 80-90 ಎಂಎಲ್, ಹೋಟೆಲ್ ಕಾಫಿ ಲೋಟದಷ್ಟೂ ಇಲ್ಲ. ಹುಳ ಒಂದೊಂದು ಹನಿ ಕುಡಿದ್ರೂ ನೂರು ಹುಳಕ್ಕೆ ಲೆಕ್ಕ ಹಾಕಿ. ಮರಿ ಜಡ ಆಯ್ತು, ಲದ್ದಿ ಡಾಂಬರ್ ಥರ ಕಪ್ಪಾಯ್ತು ಅಂದ್ರೆ ತುಟಿ ಎತ್ತಿ ವಸಡು ನೋಡಿ, ಕಾಗದದಂಗೆ ಬಿಳುಚಿಕೊಂಡಿದ್ರೆ ನಾಳೆವರೆಗೂ ಕಾಯ್ಬೇಡಿ.

ಲಾಡಿ ಹುಳ ಗೊತ್ತಾಗುತ್ತೆ, ಬಾಲದ ಕೆಳಗೆ ಅಕ್ಕಿ ಕಾಳು ಅಂಟ್ಕೊಂಡಂಗೆ ಇರುತ್ತೆ, ಕೆಲವು ಸಲ ಆ ಅಕ್ಕಿ ನಡೆದಾಡುತ್ತೆ. ಅದು ಬರೋದು ಚಿಗಟದಿಂದ, ನಾಯಿ ಕೆರ್ಕೊಂಡು ಚಿಗಟ ನುಂಗಿದಾಗ. ಚಿಗಟ ಬಿಟ್ಟು ಮಾತ್ರೆ ಒಂದೇ ಕೊಟ್ರೆ ತಿಂಗಳಿಗೆ ವಾಪಸ್. ಇದರ ಜಾತೀಲೇ ಇನ್ನೊಂದು ಸಣ್ಣದಿದೆ, ಅರ್ಧ ಸೆಂಟಿಮೀಟರ್ ಆಜುಬಾಜು, ಕಣ್ಣಿಗೆ ಬೀಳಲ್ಲ, ಅದೇ ಭಯ. ಬನ್ನೂರು, ಮಳವಳ್ಳಿ ಕಡೆ ಕುರಿ ಬಗ್ಗೆ ನಿಮಗೆ ಹೇಳೋದೇನಿದೆ, ಮಟನ್ ರುಚಿಗೆ ರಾಜ್ಯದಲ್ಲೆಲ್ಲ ಹೆಸರು. ಹಬ್ಬದಲ್ಲಿ ಕುರಿ ಕೊಯ್ದಾಗ ಈಲಿಯಲ್ಲೋ ಶ್ವಾಸಕೋಶದಲ್ಲೋ ನೀರು ಗುಳ್ಳೆ ಇದ್ರೆ ಆ ಭಾಗ ಕೊಯ್ದು ನಾಯಿಗೆ ಎಸೀತಾರೆ. ಆ ಗುಳ್ಳೇಲೇ ಹುಳದ ಮರಿ ಇರೋದು. ನಾಯಿ ಹೊಟ್ಟೇಲಿ ಬೆಳೆದು, ಅದರ ಮೊಟ್ಟೆ ನಾಯಿ ಮೈಯಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ, ಆಮೇಲೆ ನಮ್ಮ ಈಲಿಯಲ್ಲಿ ಅದೇ ಗುಳ್ಳೆ ವರ್ಷಗಟ್ಲೆ ಸದ್ದಿಲ್ಲದೇ ಬೆಳೆಯುತ್ತೆ. ಹಸಿ ಕರುಳು, ಈಲಿ ನಾಯಿಗೆ ಹಾಕ್ಬೇಡಿ, ಚೆನ್ನಾಗಿ ಬೇಯಿಸಿ ಹಾಕಿ, ಗುಳ್ಳೆ ಇರೋದನ್ನ ಹೂತು ಹಾಕಿ.

ಮಕ್ಕಳ ವಿಷ್ಯಕ್ಕೆ ಬರ್ತೀನಿ. ನಮ್ಮ ಲೇಔಟ್‌ಗಳಲ್ಲಿ ಯಾವಾಗ್ಲೂ ಯಾರೋ ಒಬ್ರು ಮನೆ ಕಟ್ತಾ ಇರ್ತಾರೆ, ರಸ್ತೇಲಿ ಮರಳು ರಾಶಿ. ಸಂಜೆ ಮಕ್ಕಳು ಅದರಲ್ಲಿ ಗುಹೆ ತೋಡ್ತವೆ, ರಾತ್ರಿ ನಾಯಿ ಅದೇ ಮರಳು ಕೆರೆದು ಹೇಲುತ್ತೆ. ದುಂಡು ಹುಳದ ಮೊಟ್ಟೆ ಬಿದ್ದ ದಿನಾನೇ ಅಪಾಯ ಇಲ್ಲ, ಎರಡು-ನಾಲ್ಕು ವಾರ ಮಣ್ಣಲ್ಲಿ ಮಾಗ್ಬೇಕು. ಮಾಗಿದ್ಮೇಲೆ ವರ್ಷಗಟ್ಲೆ ಇರುತ್ತೆ, ಅದರ ಚಿಪ್ಪು ಎಷ್ಟು ಗಟ್ಟಿ ಅಂದ್ರೆ ಬ್ಲೀಚಿಗೂ ಬಗ್ಗಲ್ಲ. ಮಗು ಹೊಟ್ಟೆಗೆ ಹೋದ್ರೆ ಮರಿಹುಳ ದಾರಿ ತಪ್ಪಿ ಮೈಯೆಲ್ಲಾ ಸುತ್ತುತ್ತೆ, ಕೆಲವು ಸಲ ಕಣ್ಣಿಗೇ ಹೋಗಿ ಕೂರುತ್ತೆ. ಹಂಗಾದ್ರೆ ಉಪಾಯ? ಮಾಗೋಕೆ ಬಿಡದೇ ಇರೋದು ಅಷ್ಟೇ. ನಿಮ್ಮ ನಾಯಿದು ನೀವು ಅವತ್ತೇ ಎತ್ತಿ. ವಾಕಿಂಗ್ ಹೋಗುವಾಗ ಒಂದು ಕವರ್ ಇಟ್ಕೊಳ್ಳೋಕೆ ನಾಚಿಕೆ ಪಡೋರು, ಪಕ್ಕದ ಮನೆ ಗೇಟ್ ಮುಂದೆ ಮಾಡಿಸೋಕೆ ನಾಚಲ್ಲ, ಈ ಪಾರ್ಕಲ್ಲೇ ಇದೀರ ನೀವು, ಹೆಸರು ಹೇಳಲ್ಲ. ಮರಳು ರಾಶಿಗೆ ರಾತ್ರಿ ಟಾರ್ಪಾಲ್ ಮುಚ್ಚಿ ಅಂತ ಮೇಸ್ತ್ರಿಗೆ ಹೇಳಿ.

ಬೆಳ್ಳುಳ್ಳಿ ಕೊಟ್ರೆ ಹುಳ ಹೋಗುತ್ತಂತೆ ನಿಜಾನಾ ಅಂತ ಕೇಳಿದ್ರು. ಬೇಡ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಕೊಕ್ಕೆ ಹುಳ ಮಾಡೋ ಕೆಲ್ಸಕ್ಕೆ ನೀವೂ ಕೈ ಜೋಡ್ಸಿದಂಗೆ. ಇನ್ನೊಬ್ರು ಹಿರಿಯರು ಅಡಿಕೆ ಪುಡಿ ಅಂದ್ರು. ಯಜಮಾನ್ರೇ, ಅದು ಸುಳ್ಳಲ್ಲ, ಅಡಿಕೇಲಿ ಇರೋ ಅಂಶದಿಂದ ಮಾಡಿದ ಔಷಧೀನ ಲಾಡಿ ಹುಳ ಬೀಳಿಸೋಕೆ ಒಂದು ಕಾಲ್ದಲ್ಲಿ ಡಾಕ್ಟ್ರುಗಳೇ ಬಳಸ್ತಿದ್ರು. ಆದ್ರೆ ಹುಳಕ್ಕೆ ಆಗೋ ಡೋಸಿಗೂ ನಾಯಿಗೆ ವಿಷ ಆಗೋ ಡೋಸಿಗೂ ಅಂತರ ಬಹಳ ಕಮ್ಮಿ, ಅದಕ್ಕೇ ಬಿಟ್ರು. ಈಗ ಮೂರು ಔಷಧಿ ಸೇರಿರೋ ಮಾತ್ರೆ ಸಿಗುತ್ತೆ, ಸಾಮಾನ್ಯವಾಗಿ 10 ಕೆಜಿಗೆ ಒಂದು, ಡಬ್ಬಿ ಮೇಲೆ ಬರೆದಿರುತ್ತೆ. ಮಾತ್ರೆ ಕೊಟ್ರೂ ಭೇದಿ ನಿಲ್ಲಲ್ಲ ಅಂದ್ರೆ ಲದ್ದಿ ಪರೀಕ್ಷೆ ಮಾಡ್ಸಿ, ಕಾಕ್ಸಿಡಿಯಾ ಅಂತ ಕಣ್ಣಿಗೆ ಕಾಣದ ಒಂದು ಸಣ್ಣ ಜೀವಿ ಇರ್ಬೋದು, ಅದು ಹುಳಾನೇ ಅಲ್ಲ, ಹುಳದ ಮಾತ್ರೆಗೆ ಕೇರೇ ಮಾಡಲ್ಲ. ಹುಳದ ಔಷಧಿ ಕೊಟ್ಟು ಒಂದು ವಾರ ಬಿಟ್ಟು ಲಸಿಕೆ ಹಾಕ್ಸಿದ್ರೆ ಒಳ್ಳೇದು. ಆದ್ರೆ ಆ ನೆಪದಲ್ಲಿ ಲಸಿಕೆ ತಿಂಗಳುಗಟ್ಲೆ ಮುಂದಕ್ಕೆ ಹಾಕ್ಬೇಡಿ.

ಕೊನೇಗೆ ಟವೆಲ್ ಹುಡುಗ ಎದ್ದು ಕೇಳ್ದ, ಸಾರ್ ಇದಕ್ಕೆ ಹುಳದ ಸಿರಪ್ ಎಷ್ಟು ಎಂಎಲ್ ಕೊಡ್ಲಿ, ವಾಕಿಂಗ್ ಯಾವಾಗ ಕರ್ಕೊಂಡು ಹೋಗ್ಲಿ ಅಂತ. ವಾಕಿಂಗ್ 16 ವಾರದ ಸೂಜಿ ಆಗಿ ಒಂದೆರಡು ವಾರ ಕಳೀಲಿ ಅಂದೆ, ಅಲ್ಲೀವರೆಗೂ ತೋಳಲ್ಲಿ ಎತ್ಕೊಂಡು ಊರೆಲ್ಲಾ ತೋರ್ಸು, ಆಟೋ ಸದ್ದು, ಹಸು, ಮಕ್ಕಳು ಎಲ್ಲಾ ಅಭ್ಯಾಸ ಆಗ್ಲಿ, ಲಸಿಕೆ ಆಗಿರೋ ಪರಿಚಯದ ನಾಯಿ ಜೊತೆ ಮನೇಲಿ ಆಡ್ಲಿ. ಎಂಎಲ್ ಲೆಕ್ಕಕ್ಕೆ ತೂಕ ಎಷ್ಟು? ‘ಮೂರೋ ನಾಲ್ಕೋ ಇರ್ಬೋದು ಸಾರ್.’ ಇರ್ಬೋದು ಅಂದ್ರೆ ಆಗಲ್ಲಪ್ಪ ಅಂದೆ. ಗೇಟ್ ಹತ್ರ ತರಕಾರಿ ಗಾಡಿ ನಿಂತಿತ್ತು, ಎಲೆಕ್ಟ್ರಿಕ್ ತಕ್ಕಡಿ ಇತ್ತು, ಗಾಡಿ ಅಮ್ಮ ಮೊದ್ಲು ಬೈದ್ರು, ಆಮೇಲೆ ಎರಡು ನ್ಯೂಸ್ ಪೇಪರ್ ಹಾಸಿ ‘ಬೇಗ ಇಡು, ಉಚ್ಚೆ ಹುಯ್ದ್ರೆ ನೀನೇ ತೊಳ್ಕೊಡ್ಬೇಕು’ ಅಂದ್ರು. ಎರಡು ಕೆಜಿ ನೂರ ನಲವತ್ತು ಗ್ರಾಂ. ಜೇಬಲ್ಲಿದ್ದ ಭಾಷಣದ ಚೀಟಿ ತೆಗೆದು, ಹಿಂದೆ ಸಿರಪ್ ಲೆಕ್ಕ, ಮುಂದಿನ ಸೂಜಿ ತಾರೀಕು, ಅದರ ಮುಂದಿನದು, 16 ವಾರದ್ದು, ಎಲ್ಲಾ ಬರೆದು ಕೊಟ್ಟೆ. ಕೊನೇ ತಾರೀಕಿನ ಕೆಳಗೆ ಎರಡು ಗೆರೆ ಎಳೆದೆ.